ಮಸ್ಕಿಯ ಕೋಣೆ ಬಾಹ್ಯಾಕಾಶ ನಿಲ್ದಾಣಕ್ಕೆ ಸೇರಿದ್ದು

ಮನುಷ್ಯನು ಆಕಾಶದತ್ತ ಕೈಚಾಚಿದ್ದು ಜ್ಞಾನದ ತೃಷೆಯಿಂದ ಎಂದು ಬಲ್ಲವರು ಬರೆದಿಟ್ಟಿದ್ದಾರೆ. ಮಸ್ಕಿಯವರಾದ ನಾವು ಕೈಚಾಚಿದ್ದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂದದ್ದರಿಂದ. ಚಾಚಿದ ಕೈಯೂ ನಮ್ಮದಲ್ಲ, ಶಾಲೆಯ ಜವಾನನದು.

ತೊಂಬತ್ತರ ಆಸುಪಾಸಿನ ಮಾತು. ರಷ್ಯಾದವರು ಮೇಲೆ ತಮ್ಮ ನಿಲ್ದಾಣಕ್ಕೆ ಒಂದೊಂದೇ ಕೋಣೆ ಜೋಡಿಸುತ್ತಿದ್ದ ಕಾಲ. ನಾನು ಮಸ್ಕಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಲಿಂಗಸುಗೂರಿನ ವಿಜ್ಞಾನ ಪ್ರದರ್ಶನಕ್ಕೆ ಈ ಸಲ ಮಣ್ಣಿನ ಜ್ವಾಲಾಮುಖಿ, ಬಲ್ಬು ಮಿನುಗುವ ಹೃದಯ ಇತ್ಯಾದಿ ತರಕೂಡದು, ಮೂರು ಊರಿನ ಶಾಲೆಗಳು ಕೂಡಿ, ಮನುಷ್ಯ ಒಳಹೊಕ್ಕು ಕೂಡಬಹುದಾದಷ್ಟು ದೊಡ್ಡ ಬಾಹ್ಯಾಕಾಶ ನಿಲ್ದಾಣವೊಂದನ್ನು ಮಾಡತಕ್ಕದ್ದು ಎಂದು ಸುತ್ತೋಲೆ ಅಪ್ಪಣೆ ಕೊಡಿಸಿತ್ತು. ಸಿಂಧನೂರಿನ ಪಾಲಿಗೆ ಗಗನಯಾತ್ರಿಗಳು ವಾಸಿಸುವ ಮುಖ್ಯ ಕೋಣೆ ಬಂತು. ಕಾಲುವೆ ನೀರಿನ ಊರು, ವಾಸಕ್ಕೆ ತಕ್ಕದ್ದೆಂದು ಎಣಿಸಿರಬೇಕು. ಲಿಂಗಸುಗೂರಿಗೆ ಬಿಸಿಲಿನಿಂದ ಕರೆಂಟು ಹುಟ್ಟಿಸುವ ರೆಕ್ಕೆಗಳು. ನಮಗೆ ಉಳಿದದ್ದು ಸಾಮಾನಿನ ಕೋಣೆ. ಅದರ ಕೆಲಸ ಎರಡೇ: ಸಾಮಾನು ತುಂಬಿಕೊಂಡು ಬರುವುದು, ಬಂದು ಮುಖ್ಯ ಕೋಣೆಯ ಬಾಯಿಗೆ ತನ್ನ ಬಾಯಿ ಕೂಡಿಸಿ ಗಟ್ಟಿಯಾಗಿ ನಿಲ್ಲುವುದು.

ನಮ್ಮ ಹೆಡ್ ಮಾಸ್ತರು ಸುತ್ತೋಲೆಯನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

"ಅಂದ್ರ ಗೋಡೌನು. ಅವರಿಗೆ ಮನಿ, ನಮಗ ಗೋಡೌನು."

"ಆಕಾಶದಾಗ ಹಾರಾಡೋ ಗೋಡೌನ್ ರೀ ಸರ್," ಎಂದೆ.

"ಹಾರಾಡಿದ್ರೂ ಗೋಡೌನ ಅಲ್ಲೇನ್ರೀ?"

ನಾನು ಸುತ್ತೋಲೆಯನ್ನು ಮಡಚಿ ಕಿಸೆಗೆ ಹಾಕಿಕೊಂಡೆ.

ಜವಾನನ ವಿಷಯ ಇಲ್ಲಿಯೇ ಹೇಳಿಬಿಡಬೇಕು. ಹನ್ನೊಂದು ವರ್ಷದಿಂದ ನಮ್ಮ ಶಾಲೆಯಲ್ಲಿ ದಿನಗೂಲಿಯ ಮೇಲಿದ್ದ. ಗಂಟೆ ಬಾರಿಸುವವನು, ನೀರು ತುಂಬುವವನು, ಹೆಡ್ ಮಾಸ್ತರ ಮನೆಗೆ ಹಿಟ್ಟು ಬೀಸಿಸಿಕೊಂಡು ಬರುವವನು ಎಲ್ಲ ಅವನೇ. ಅವನನ್ನು ಖಾಯಂ ಮಾಡುವ ಕಡತ ಎರಡು ಸಲ ಮೇಲೆ ಹೋಗಿ ಎರಡು ಸಲ ಕೆಳಗೆ ಬಂದು, ಆ ವರ್ಷ ಮೂರನೆಯ ಸಲ ಶಿಕ್ಷಣ ಇಲಾಖೆಯ ಒಬ್ಬ ಸಾಹೇಬರ ಮೇಜಿನ ಮೇಲೆ ಮಲಗಿತ್ತು. ಪ್ರದರ್ಶನ ನೋಡಲು ಬರುವವರೂ ಅದೇ ಸಾಹೇಬರು. ವಯಸ್ಸಿನ ಮಿತಿ ಮೀರಲು ಅವನಿಗೆ ಕೆಲವೇ ತಿಂಗಳು ಉಳಿದಿದ್ದವು. ಈ ಸಲ ತಪ್ಪಿದರೆ ನಾಲ್ಕನೆಯ ಸಲ ಎಂಬುದಿರಲಿಲ್ಲ.

"ಸಾಹೇಬ್ರ ಕಣ್ಣಿಗೆ ನಮ್ಮ ಸಾಲಿ ಬಿತ್ತಂದ್ರ ನಿನ್ನ ಕಡತ ತಾನ ಎದ್ದು ನಡೀತೈತಿ," ಎಂದು ಹೆಡ್ ಮಾಸ್ತರು ಅವನಿಗೆ ಹೇಳಿದರು. "ಈ ಗೋಡೌನು ನಿಂದ ಅಂತ ತಿಳಕೊಂಡು ಮಾಡು."

"ನಂದ ರೀ ಸರ್," ಎಂದ. ಹಾಗೆಯೇ ತಿಳಿದುಕೊಂಡ. ಬೇರೆ ಯಾರೂ ಅದನ್ನು ತಮ್ಮದೆಂದು ತಿಳಿಯಲಿಲ್ಲವಾದ್ದರಿಂದ ಪೈಪೋಟಿಯೇನೂ ಇರಲಿಲ್ಲ.

ಕೋಣೆ ಕಟ್ಟಲು ತಗಡಿನ ಮೇಸ್ತ್ರಿಯನ್ನು ಹಿಡಿದೆವು. ತುರ್ವಿಹಾಳ, ಬಳಗಾನೂರು ಕಡೆಯ ರೈತರಿಗೆಲ್ಲ ಭತ್ತ ತುಂಬುವ ಡ್ರಮ್ಮು ಮಾಡಿಕೊಡುತ್ತಿದ್ದವನು ಅವನೇ. ಅವನ ಅಂಗಡಿಯಲ್ಲಿ ವ್ಯಾಸ, ತ್ರಿಜ್ಯ ಎಂಬ ಮಾತು ಯಾರ ಬಾಯಿಂದಲೂ ಬಂದದ್ದಿಲ್ಲ. ಎಂಟಡಿ ಉದ್ದದ ತಗಡನ್ನು ಸುತ್ತಿ ತುದಿಗೆ ತುದಿ ಮಡಚಿ ಬಡಿದರೆ ಒಂದು ತಗಡಿನ ಡ್ರಮ್ಮು. ಎರಡನ್ನು ಕೂಡಿಸಿ ಸುತ್ತಿದರೆ ಎರಡು ತಗಡಿನದು. ರೈತರು ಬಂದು "ಎರಡು ತಗಡಿಂದು ಒಂದು ಮಾಡಿಡು" ಎನ್ನುವರು, ಅವನು ಮಾಡಿಡುವನು. ಸಿಂಧನೂರಿನ ಮೇಸ್ತ್ರಿಗಳದೂ ಇದೇ ಭಾಷೆ, ಇದೇ ಎಂಟಡಿ ತಗಡು, ಇದೇ ಬೆರಳಗಲದ ಮಡಿಕೆ. ನಾನು ಪೈ ಹಿಡಿದು ಭಾಗಿಸಿ ನೋಡಿದೆ. ಎರಡು ತಗಡಿಗೆ ಸುಮಾರು ಐದಡಿ ಅಗಲ, ಒಂದು ತಗಡಿಗೆ ಎರಡೂವರೆ ಅಡಿ. ಮನುಷ್ಯ ಕುಕ್ಕರಗಾಲಿನಲ್ಲಿ ಕೂಡಲು ಮೊದಲನೆಯದು, ಕತ್ತು ತೂರಿಸಲು ಎರಡನೆಯದು ಸಾಕು. ಹೊಟ್ಟೆ ಎರಡು ತಗಡಿನದು, ಬಾಯಿ ಒಂದು ತಗಡಿನದು ಎಂದು ತೀರ್ಮಾನವಾಯಿತು.

ಸಿಂಧನೂರಿನ ಶಾಲೆಯ ವಿಜ್ಞಾನ ಮಾಸ್ತರ ಜೊತೆ ಮಾತಾಡಲು ಒಂದು ದಿನ ಬಸ್ಸು ಹತ್ತಿ ಹೋದೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಎರಡು ಕೋಣೆಗಳು ಕೂಡುವ ಜಾಗದ ಮಹತ್ವದ ಚರ್ಚೆ ನಡೆಯಿತು.

"ನಿಮ್ಮ ಬಾಯಿ ಎಷ್ಟ್ರೀ?" ಎಂದು ಅವರು ಕೇಳಿದರು.

"ಒಂದು ತಗಡಿಂದು."

"ನಮ್ದೂ ಒಂದ. ಬರೋಬರಿ ಆತು ಬಿಡ್ರಿ."

"ಬರೋಬರಿ."

ಇಬ್ಬರು ಬಿ.ಎಸ್ಸಿ. ಪದವೀಧರರು ಕೈ ಕುಲುಕಿ ಎದ್ದೆವು. ಒಂದೇ ಅಳತೆಯ ಎರಡು ಕೊಳವೆಗಳು ಒಂದರೊಳಗೊಂದು ಹೋಗಲಾರವು ಎಂಬುದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಅಳತೆ ಒಂದೇ ಆಯಿತೆಂಬ ಸಂತೋಷ ಅಷ್ಟಿತ್ತು.

ಕೋಣೆ ಎದ್ದಿತು. ಅಡ್ಡ ಮಲಗಿಸಿದ ಎಂಟಡಿ ಉದ್ದದ ಡ್ರಮ್ಮು. ಮುಂದೆ ಗೇಣುದ್ದದ ಕತ್ತು, ಹಿಂದೆ ಹೊರಗಿನಿಂದ ಚಿಲಕ ಹಾಕುವ ಬಾಗಿಲು. ಇಡಿಯಾಗಿ ನಾಲ್ಕು ಗಾಲಿಯ ತಳ್ಳುಗಾಡಿಯ ಮೇಲೆ ಕೂತಿತು. ಒಳಗೆ ಹಲಗೆ ಬಡಿದು ಡಬ್ಬಿಗಳನ್ನು ಹಗ್ಗದಿಂದ ಕಟ್ಟಿದೆವು. ಮೇಲೆ ಯಾವುದಕ್ಕೂ ತೂಕವಿಲ್ಲ, ಕಟ್ಟದಿದ್ದರೆ ತೇಲಾಡುತ್ತವೆ ಎಂದು ನಾನು ವಿವರಿಸಿದ್ದೆ. ಜವಾನ ಒಂದೊಂದು ಡಬ್ಬಿಯನ್ನೂ ಕರುವನ್ನು ಗೂಟಕ್ಕೆ ಕಟ್ಟುವಂತೆ ಎರಡೆರಡು ಗಂಟು ಹಾಕಿ ಕಟ್ಟಿದ.

ಜೋಡಣೆಯ ಯಂತ್ರ ಅವನದೇ ಬುದ್ಧಿ. ಬಾವಿಯ ಗಡಗಡಿಯೊಂದಕ್ಕೆ ಹಿಡಿಕೆ ಕೂಡಿಸಿ ಕೋಣೆಯೊಳಗೆ ಬಿಗಿದ. ಅದಕ್ಕೆ ಸುತ್ತಿದ ಸಣ್ಣ ತಂತಿ ಕತ್ತಿನಿಂದ ಹೊರಬಂದು ಎದುರಿನ ಕೋಣೆಯ ಬಾಯೊಳಗಿನ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಒಳಗೆ ಕೂತವನು ಹಿಡಿಕೆ ತಿರುಗಿಸಿದರೆ ತಂತಿ ಸುತ್ತಿಕೊಳ್ಳುತ್ತದೆ, ಗಾಡಿ ತಾನೇ ಮುಂದೆ ಉರುಳುತ್ತದೆ. ಬಾಯಿಗೆ ಬಾಯಿ ಕೂಡಿದ ಮೇಲೆ ಒಳಗಿನಿಂದಲೇ ಚಿಲಕ ಬೀಳಿಸುವುದು. ಹೊರಗಿನವರಿಗೆ ಮನುಷ್ಯ ಕಾಣುವುದಿಲ್ಲ.

ಹೆಡ್ ಮಾಸ್ತರಿಗೆ ಈ ಕಡೆಯ ಅಂಶ ಬಹಳ ಹಿಡಿಸಿತು. ಅರ್ಜಿಯ ನಮೂನೆಯಲ್ಲಿ 'ಕಾರ್ಯವಿಧಾನ' ಎಂಬ ಕಡೆ ಸ್ವಹಸ್ತದಿಂದ 'ಸಂಪೂರ್ಣ ಸ್ವಯಂಚಾಲಿತ' ಎಂದು ಬರೆದರು.

ಶಾಲೆಯ ಅಂಗಳದಲ್ಲಿ ಕಂಬಕ್ಕೆ ತಂತಿ ಕಟ್ಟಿ ಪರೀಕ್ಷೆ ಮಾಡಿದೆವು. ಗಾಡಿ ಗಂಭೀರವಾಗಿ ಚಲಿಸಿತು. ಹಿಂದಿನ ಬಾಗಿಲು ತೆಗೆದಾಗ ಜವಾನ ನೀರಿನಿಂದ ಎದ್ದವನಂತೆ ಹೊರಬಂದ.

"ಒಳಗ ಹೆಂಗ ಐತೋ?" ಎಂದೆ.

"ರೊಟ್ಟಿ ಹಂಚಿನ ಮ್ಯಾಲೆ ಕುಂತಂಗ ಐತ್ರೀ ಸರ್," ಎಂದು ನಕ್ಕ. "ನಡೀತೈತಿ ಬಿಡ್ರಿ. ಹನ್ನೊಂದು ವರ್ಷ ಕುಂತೀನಿ, ಇನ್ನೊಂದ್ ತಾಸು ಏನ್ ಮಹಾ."

ಎರಡೂ ಕೋಣೆಗಳನ್ನು ಮಸ್ಕಿಯಲ್ಲೇ ಒಮ್ಮೆ ಕೂಡಿಸಿ ನೋಡುವುದು ಸುಲಭವಿತ್ತು. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಲಾರಿ ನಮ್ಮ ಊರ ಮೇಲೆಯೇ ಹಾಯಬೇಕು. ಆದರೆ ಸಿಂಧನೂರು ತಾಲೂಕಿನ ಮುಖ್ಯ ಊರು. ಅಲ್ಲಿನ ಹೆಡ್ ಮಾಸ್ತರು, ಮುಖ್ಯ ಕೋಣೆ ಗೋಡೌನಿನ ಬಾಗಿಲಿಗೆ ಹೋಗಿ ನಿಲ್ಲುವುದಿಲ್ಲ, ಬೇಕಾದರೆ ಗೋಡೌನೇ ಸಿಂಧನೂರಿಗೆ ಬರಲಿ ಎಂದು ಹೇಳಿಕಳಿಸಿದರು. ನಮ್ಮವರು, ನಾವು ಲಿಂಗಸುಗೂರು ತಾಲೂಕಿನವರು, ಸಿಂಧನೂರಿಗೆ ಯಾಕೆ ಹೋಗೋಣ ಎಂದರು. ಹೀಗಾಗಿ ಎರಡು ಕೋಣೆಗಳು ಪರಸ್ಪರ ಮುಖ ನೋಡಿದ್ದು ಪ್ರದರ್ಶನದ ದಿನ ಬೆಳಿಗ್ಗೆ, ಲಿಂಗಸುಗೂರಿನ ಬಯಲಿನಲ್ಲಿ. ರೆಕ್ಕೆಗಳನ್ನು ಅಲ್ಲಿಯವರು ಮುಖ್ಯ ಕೋಣೆಗೆ ಆಗಲೇ ಬಿಗಿದಿದ್ದರು.

ಸಾಹೇಬರು ಹನ್ನೊಂದಕ್ಕೆ ಬರುವವರಿದ್ದರು. ಒಂಬತ್ತೂವರೆಗೆ ಗಾಡಿ ತಳ್ಳಿ ಬಾಯಿಗೆ ಬಾಯಿ ತಾಗಿಸಿದೆವು. ಎರಡೂ ಕೊಳವೆಗಳು ಅಂಚಿಗೆ ಅಂಚು ಕೂತು ಕೂದಲೆಳೆಯಷ್ಟೂ ಹೆಚ್ಚು ಕಮ್ಮಿಯಿಲ್ಲದೆ ನಿಂತವು. ಯಾವುದೂ ಯಾವುದರ ಒಳಗೂ ಹೋಗಲಿಲ್ಲ. ಒಳಗೆ ಹೋಗದಿದ್ದರೆ ಚಿಲಕ ಬೀಳುವುದಿಲ್ಲ.

ತಗಡಿನ ಮೇಸ್ತ್ರಿ ಬೀಡಿ ಬಾಯಲ್ಲಿಟ್ಟುಕೊಂಡು ಒಂದು ಸುತ್ತು ಬಂದ. "ಎರಡೂ ಒಂದ ತಗಡಿನವು. ಹೆಂಗ ಹೊಕ್ಕಾವ್ರೀ? ಒಂದಕ್ಕ ನಾಕ್ ಬೆರಳು ಕಮ್ಮಿ ತಗೋಬೇಕಿತ್ತು."

"ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದು ಹೆಡ್ ಮಾಸ್ತರು ಹರಿಹಾಯ್ದರು.

"ಮಾಸ್ತರು ಕಾಗದದ ಮ್ಯಾಲೆ ಲೆಕ್ಕಾ ಹಾಕಿದ್ರಲ್ರೀ. ಓದಿದವರು, ಏನೋ ಬ್ಯಾರೆ ಹಂಚಿಕಿ ಇರಬೇಕು ಅಂತ ಸುಮ್ನಾದ್ನಿ."

ಈಗ ಯಾರಾದರೊಬ್ಬರು ಬಾಯಿ ಸಣ್ಣದು ಮಾಡಿಕೊಳ್ಳಬೇಕು. ಇಲ್ಲಿ ಇಬ್ಬರು ಹೆಡ್ ಮಾಸ್ತರುಗಳ ನಡುವೆ ಅರ್ಧ ತಾಸು ನಡೆದ ವಾದವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಸಿಂಧನೂರಿನವರು, ಮನೆ ಎಲ್ಲಿಯಾದರೂ ಬಗ್ಗುತ್ತದೆಯೇ, ಬಂದವರು ಬಗ್ಗಿ ಒಳಗೆ ಬರಬೇಕು ಎಂದರು. ನಮ್ಮವರು, ಸಾಮಾನು ತಂದುಕೊಡುವವರು ನಾವು, ನಾವೇ ಕತ್ತು ಬಗ್ಗಿಸಬೇಕೇ ಎಂದರು. "ನಾವೇನು ಹೆಣ್ಣಿನ ಕಡ್ಯಾವ್ರೇನ್ರೀ?" ಎಂಬ ಮಾತೂ ಬಂತು. ಗಡಿಯಾರ ಹತ್ತು ದಾಟಿತು. ಜವಾನ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತ ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಸರ್ರ, ಯಾರರ ಸಣ್ಣವ್ರಾಗ್ರಿ. ನನ್ನ ಸಲುವಾಗಿ," ಎಂದ.

ನಾನು ತೀರ್ಮಾನ ಮಾಡಿದೆ. ನಮ್ಮ ಕತ್ತಿನ ಅಂಚಿಗೆ ಸುತ್ತಲೂ ಕತ್ತರಿ ಹಾಕಿಸಿ, ಹೂವಿನ ಎಸಳಿನಂತೆ ಸೀಳಿ, ಎಸಳುಗಳನ್ನು ಒಳಕ್ಕೆ ಬಗ್ಗಿಸುವುದು. ಆಗ ಬಾಯಿ ಕಿರಿದಾಗಿ ಎದುರಿನ ಕೊಳವೆಯೊಳಗೆ ನುಗ್ಗುತ್ತದೆ.

ಮೇಸ್ತ್ರಿ ಗಾಡಿ ಹಿಂದಕ್ಕೆ ಸರಿಸಿ ಇಪ್ಪತ್ತು ನಿಮಿಷದಲ್ಲಿ ಸೀಳಿ ಬಗ್ಗಿಸಿದ. ಆಮೇಲೆ ತಂತಿಯ ಸುರುಳಿ ತೆಗೆದ. "ಇನ್ನ ಒಂದೊಂದ ಎಸಳಿನ ಅಂಚು ಮಡಚಿ ತಂತಿ ಹಾಕಬೇಕ್ರಿ. ಒಂದೂವರಿ ತಾಸು ಹಿಡಿತೈತಿ."

"ಅಷ್ಟು ಪುರಸತ್ತಿಲ್ಲ, ಬಿಡು," ಎಂದೆ.

"ಮಡಚದಿದ್ರ ಕುಡುಗೋಲು ಆಕ್ಕೈತ್ರಿ ಅದು."

"ಅಲ್ಲಿ ಯಾರ ಕೈ ಹೋಗ್ತೈತಿ?"

ಅವನು ನನ್ನ ಮುಖ ನೋಡಿದ. ಆಮೇಲೆ ತಂತಿ ಸುತ್ತಿಟ್ಟ. ಆ ಬಯಲಿನಲ್ಲಿ ನಾನು ಮಾಡಿದ ಏಕೈಕ ತಾಂತ್ರಿಕ ತೀರ್ಮಾನ ಇದು.

ಒಮ್ಮೆ ಕೂಡಿಸಿ ನೋಡೋಣ ಎನ್ನುವಷ್ಟರಲ್ಲಿ ಜೀಪು ಬಂತೆಂದು ಯಾರೋ ಕೂಗಿದರು. ಜವಾನನನ್ನು ಒಳಗೆ ಹೊಗಿಸಿ ಹಿಂದಿನ ಚಿಲಕ ಹಾಕಿದೆವು. ಬಂದದ್ದು ಮೈಕಿನವರ ಜೀಪು. ಆದರೂ ಸಾಹೇಬರು ಇನ್ನೇನು ಬಂದೇಬಿಟ್ಟರು, ಅವನನ್ನು ಹೊರಗೆ ಬಿಟ್ಟರೆ ಮತ್ತೆ ಹೊಗಿಸುವಾಗ ಯಾರಾದರೂ ಕಂಡಾರು ಎಂದು ಹೆಡ್ ಮಾಸ್ತರು ಚಿಲಕ ತೆಗೆಯಗೊಡಲಿಲ್ಲ.

ಹನ್ನೊಂದಾಯಿತು. ಹನ್ನೆರಡಾಯಿತು. ಸಾಹೇಬರು ಬೆಳಿಗ್ಗೆಯೇ ಮುದಗಲ್ಲಿನ ಕೋಟೆ ನೋಡಲು ಹೋಗಿದ್ದಾರೆಂದು ತಿಳಿಯಿತು. ಕೋಟೆ ದೊಡ್ಡದು; ಇತಿಹಾಸದಲ್ಲಿ ಅವರಿಗೆ ಆಸಕ್ತಿಯೂ ಇದ್ದಿರಬೇಕು.

ಮೇಸ್ತ್ರಿ ಎದ್ದು ಬಂದ. "ಹೆಂಗೂ ಬರವಲ್ರಲ್ರೀ, ಅಂಚು ಮಡಚಲೇನ್ರಿ?"

"ಬ್ಯಾಡ. ಮುದಗಲ್ಲ ಬಿಟ್ಟಾರಂತ. ಈಗ ಬಂದ್ರು," ಎಂದರು ಹೆಡ್ ಮಾಸ್ತರು.

ಒಂದು ಗಂಟೆಗೆ ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಅದೇ ಉತ್ತರ ಬಂತು. ಈ ಸಲ ಉತ್ತರ ಕೊಟ್ಟವನು ನಾನು.

ಬಿಸಿಲಿಗೆ ತಗಡನ್ನು ಮುಟ್ಟುವಂತಿರಲಿಲ್ಲ. ಒಳಗಿನಿಂದ ಸಣ್ಣಗೆ ಬಡಿದ ಸಪ್ಪಳ ಬಂತು. ಕತ್ತಿನ ಹತ್ತಿರ ಬಗ್ಗಿದೆ.

"ಸರ್ರ, ನೀರು."

ಲೋಟದಲ್ಲಿ ನೀರು ತಂದು ಎಸಳುಗಳ ನಡುವೆ ಕೈ ತೂರಿಸಿ ಕೊಟ್ಟೆ. ಅವನ ಬೆರಳು ಲೋಟಕ್ಕಿಂತ ಬಿಸಿಯಾಗಿತ್ತು.

"ಬಂದ್ರೇನ್ರೀ ಸಾಹೇಬ್ರು?"

"ಬಂದ್ರು, ಇನ್ನ ಹತ್ ನಿಮಿಷ."

ಕೈ ಹಿಂದಕ್ಕೆ ತೆಗೆಯುವಾಗ ಅಂಗಿಯ ತೋಳು ಎಸಳಿಗೆ ಸಿಕ್ಕಿ ಮೊಣಕೈವರೆಗೆ ಹರಿಯಿತು. ಬಟ್ಟೆ ಹರಿದ ಸಪ್ಪಳವೂ ಆಗಲಿಲ್ಲ, ಅಷ್ಟು ಹರಿತ. ನಾನು ಬಹಳ ಜೋಪಾನವಾಗಿ ಕೈಯನ್ನು ಹೊರಗೆ ತಂದುಕೊಂಡೆ, ತೋಳು ಮಡಚಿ ಹರಕು ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಸಾಹೇಬರು ಎರಡು ದಾಟಿದ ಮೇಲೆ ಬಂದರು. ಊಟ ಆಗಿತ್ತು, ಪ್ರಸನ್ನರಾಗಿದ್ದರು. ಹೆಡ್ ಮಾಸ್ತರು ಕೈಮುಗಿದು, "ಸಂಪೂರ್ಣ ಸ್ವಯಂಚಾಲಿತ ಜೋಡಣೆ, ಸರ್," ಎಂದರು. ನಾನು ಶಿಳ್ಳೆ ಊದಿದೆ. ಅದು ಒಳಗಿದ್ದವನಿಗೆ ಸೂಚನೆ.

ಗಾಡಿ ಕದಲಿತು. ಜನ "ಓ" ಎಂದರು. ತಂತಿ ಬಿಗಿಯಾಯಿತು, ಕೋಣೆ ನಿಧಾನವಾಗಿ, ನಿಜವಾಗಿಯೂ ತೂಕವಿಲ್ಲದ್ದರಂತೆ, ಮುಖ್ಯ ಕೋಣೆಯ ಕಡೆ ಉರುಳಿತು. ಎಸಳುಗಳು ಎದುರಿನ ಬಾಯೊಳಗೆ ಹೋದವು. ಒಂದು ಹೋಗಲಿಲ್ಲ. ಬಿಸಿಲಿಗೆ ಸೆಟೆದೋ ಏನೋ, ಒಂದೆಸಳು ಹೊರಕ್ಕೆ ಚಿಮ್ಮಿ ಸಿಂಧನೂರಿನ ಅಂಚಿಗೆ ಅಡ್ಡ ನಿಂತಿತು. ಗೇಣು ಉಳಿದಿರುವಾಗ ಗಾಡಿ ನಿಂತುಬಿಟ್ಟಿತು.

"ಏನಾಯ್ತು?" ಎಂದರು ಸಾಹೇಬರು.

"ದಿಕ್ಕು ಸರಿಪಡಿಸಿಕೊಳ್ತಾ ಇದೆ ಸರ್," ಎಂದೆ.

ಹೆಡ್ ಮಾಸ್ತರು ತಗಡಿಗೆ ಆನಿಕೊಂಡವರಂತೆ ನಿಂತು ಹಲ್ಲು ಕಚ್ಚಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು: "ಲೇ, ಎಳಿಯಲೇ! ನಿನ್ನ ಕಡತ ಇಲ್ಲೇ ನಿಂತೈತಿ!"

ಆಮೇಲೆ ಸೀಳಿನ ಸಂದಿಯಲ್ಲಿ ನಾಲ್ಕು ಬೆರಳು ಕಂಡವು. ಎಡಗೈಯಿಂದ ಹಿಡಿಕೆ ತಿರುಗಿಸುತ್ತಲೇ ಅವನು ಬಲಗೈಯಿಂದ ಆ ಎಸಳನ್ನು ಒಳಕ್ಕೆ ಒತ್ತುತ್ತಿದ್ದ. ಬೇಡವೆನ್ನಲು ನನಗೆ ಸಮಯವಿತ್ತು. ಎಷ್ಟಿತ್ತೆಂದು ನಾನು ಆಮೇಲೆ ಅನೇಕ ಸಲ ಎಣಿಸಿದ್ದೇನೆ. ಎಸಳು ಒಳಗೆ ಹೋಯಿತು, ಗಾಡಿ ಒಮ್ಮೆಲೇ ಮುಂದೆ ನುಗ್ಗಿತು, ಎರಡು ಅಂಚುಗಳು ಕತ್ತರಿಯಂತೆ ಕೂಡಿದವು. ಒಂದು ಸಣ್ಣ ಉಸಿರಿನಂಥ ಸದ್ದು ಬಂತು. ಅವನು ಕೂಗಲಿಲ್ಲ. ಸದ್ದು ಮಾಡಕೂಡದೆಂದು ಅವನಿಗೆ ಬೆಳಿಗ್ಗೆ ಮೂರು ಸಲ ತಾಕೀತು ಮಾಡಿದ್ದೆವು. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಚಿಲಕ ಬಿದ್ದ ಶಬ್ದವಾಯಿತು.

ಸಾಹೇಬರು ಚಪ್ಪಾಳೆ ತಟ್ಟಿದರು. ಆದ್ದರಿಂದ ಎಲ್ಲರೂ ತಟ್ಟಿದರು.

ಸಾಹೇಬರು ಹತ್ತಿರ ಬಂದು ಜೋಡಣೆಯ ಜಾಗವನ್ನು ಬಗ್ಗಿ ನೋಡಿದರು. ಕೆಳಗಿನ ಸಂದಿಯಿಂದ ತಳ್ಳುಗಾಡಿಯ ಹಲಗೆಯ ಮೇಲೆ ಕೆಂಪಗೆ ತೊಟ್ಟಿಕ್ಕುತ್ತಿತ್ತು.

"ಇದೇನಿದು?"

ಹೆಡ್ ಮಾಸ್ತರು ನನ್ನ ಕಡೆ ನೋಡಿದರು. ವಿಜ್ಞಾನದ ಪ್ರಶ್ನೆಗಳೆಲ್ಲ ನನ್ನವು.

"ಹೈಡ್ರಾಲಿಕ್ ಎಣ್ಣೆ, ಸರ್."

"ಕೆಂಪಗಿರುತ್ತದೋ?"

"ಸೋರಿದ್ರೆ ತಕ್ಷಣ ಗೊತ್ತಾಗಲಿ ಅಂತ ಬಣ್ಣ ಹಾಕಿರ್ತಾರೆ, ಸರ್."

"ಒಳ್ಳೆಯ ಯೋಚನೆ," ಎಂದು ಸಾಹೇಬರು ಮೆಚ್ಚಿಕೊಂಡರು. ಅಲ್ಲಿಯೇ ಮೈಕು ತರಿಸಿ, ಕೋಣೆಗೆ ಒಂದು ಕೈ ಆನಿಸಿಕೊಂಡು, ಗ್ರಾಮೀಣ ಪ್ರತಿಭೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಿದರು. ತಗಡು ಬಿಸಿಯಿದ್ದುದರಿಂದ ನಡುನಡುವೆ ಕೈ ಬದಲಿಸುತ್ತಿದ್ದರು.

ಅವರು ಹೋದ ಮೇಲೆ ಚಿಲಕ ತೆಗೆದೆವು. ಜವಾನ ತಲೆವಸ್ತ್ರವನ್ನು ಕೈಗೆ ಸುತ್ತಿಕೊಂಡು ಡಬ್ಬಿಗಳ ನಡುವೆ ಒರಗಿ ಕೂತಿದ್ದ. ಮೇಸ್ತ್ರಿ ಅವನನ್ನು ಎತ್ತಿ ಹೊರತಂದ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ತೋರುಬೆರಳು, ನಡುಬೆರಳಿನ ನರ ಕತ್ತರಿಸಿಹೋಗಿವೆ, ಬೆರಳು ಉಳಿಯುತ್ತವೆ, ಮಡಚಲು ಬರುವುದಿಲ್ಲ ಎಂದರು ಡಾಕ್ಟರು. ಜವಾನ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಚಿಲಕ ಬಿತ್ತಲ್ರೀ ಸರ್?"

"ಬಿತ್ತು."

"ಸಾಹೇಬ್ರು ಏನಂದ್ರು?"

"ಭಾಳ ಚಲೋ ಆತು ಅಂದ್ರು."

"ಆತಲ್ರೀ ಮತ್ತ," ಎಂದು ಕಣ್ಣು ಮುಚ್ಚಿದ.

ಮೊದಲ ಬಹುಮಾನ ಮೂರೂ ಶಾಲೆಗಳಿಗೆ ಸೇರಿ ಬಂತು. ಹೆಡ್ ಮಾಸ್ತರು ಹೇಳಿದ್ದು ಸುಳ್ಳಾಗಲಿಲ್ಲ. ಸಾಹೇಬರಿಗೆ ಮಸ್ಕಿಯ ಹೆಸರು ನೆನಪಿನಲ್ಲಿ ಉಳಿದು ಕಡತ ಎದ್ದು ನಡೆಯಿತು. ತಿಂಗಳೊಳಗೆ ಮಂಜೂರಾತಿ ಬಂತು, ಒಂದು ಷರತ್ತಿನೊಡನೆ: ಅಭ್ಯರ್ಥಿ ದೈಹಿಕವಾಗಿ ಅರ್ಹನೆಂದು ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

ಬಲಗೈ ಬೆರಳು ಮಡಚಲು ಬಾರದವನಿಗೆ ಅಂಥ ಪತ್ರ ಯಾರೂ ಕೊಡಲಿಲ್ಲ. ಒಂದೇ ದಾರಿಯಿತ್ತು. ಗಾಯವಾದದ್ದು ಶಾಲೆಯ ಕೆಲಸದ ಮೇಲಿದ್ದಾಗ ಎಂದು ಕಣ್ಣಾರೆ ಕಂಡವರು ಬರೆದುಕೊಟ್ಟರೆ ಆ ಷರತ್ತು ಸಡಿಲಿಸಬಹುದಿತ್ತು. ಕಣ್ಣಾರೆ ಕಂಡವನು ನಾನು.

ಹೆಡ್ ಮಾಸ್ತರು ತಮ್ಮ ಕಚೇರಿಯ ಬಾಗಿಲು ಮುಂದೆ ಮಾಡಿ ನನ್ನನ್ನು ಕೂಡಿಸಿದರು.

"ಸ್ವಯಂಚಾಲಿತ ಅಂತ ಬರದು ಸಹಿ ಮಾಡಿ ಕೊಟ್ಟೀವಿ. ಈಗ ಒಳಗ ಮನಷ್ಯಾ ಇದ್ದ ಅಂತ ಬರೀತೀರೇನು? ಬಹುಮಾನ ವಾಪಸ್ ಹೋಗ್ತೈತಿ, ಹೋಗ್ಲಿ. ಸಾಹೇಬ್ರಿಗೆ ಎಣ್ಣಿ ಅಂದವ್ರು ಯಾರ್ರೀ? ನಾನೇನ್ರೀ?"

ನಾನು ಹಾಳೆ ತೆಗೆದುಕೊಂಡೆ. ನನ್ನ ಕೈಬರಹ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಸದರಿಯವನು ತನ್ನ ಮನೆಯಲ್ಲಿ ದನಕ್ಕೆ ಮೇವು ಕತ್ತರಿಸುವಾಗ ಸ್ವಂತ ಅಜಾಗರೂಕತೆಯಿಂದ ಗಾಯಗೊಂಡಿರುತ್ತಾನೆ ಎಂದು ನಾಲ್ಕು ಸಾಲು ಬರೆದೆ. ಅವನ ಮನೆಯಲ್ಲಿ ದನವಿರಲಿಲ್ಲ.

ಅವನ ಒಪ್ಪಿಗೆಯೂ ಬೇಕಿತ್ತು. ಹಾಳೆ ಹಿಡಿದು ವರಾಂಡಕ್ಕೆ ಹೋದೆ. ಅವನಿಗೆ ಓದು ಬರುತ್ತಿರಲಿಲ್ಲ.

"ಏನ್ ಬರದೀರಿ ಸರ್ರ?"

"ಕೈಗೆ ಹೆಂಗ ಪೆಟ್ಟಾತು ಅನ್ನೋದು."

"ನೀವ ಬರದಿದ್ದು ಚಲೋ ಆತ್ರಿ. ಎದುರಿಗೇ ಇದ್ದವ್ರು ನೀವು," ಎಂದು ಹೆಬ್ಬೆಟ್ಟು ಮುಂದೆ ಮಾಡಿದ. ಮಸಿ ಹಚ್ಚಿ ನಾನೇ ಒತ್ತಿಸಿಕೊಂಡೆ. ಹೆಬ್ಬೆರಳಿಗೆ ಏನೂ ಆಗಿರಲಿಲ್ಲ, ಗುರುತು ಸ್ಪಷ್ಟವಾಗಿ ಬಿತ್ತು.

ಮಂಜೂರಾತಿ ರದ್ದಾಯಿತು. ದಿನಗೂಲಿಯ ಕೆಲಸದಿಂದಲೂ ಅವನನ್ನು ಮುಂದಿನ ತಿಂಗಳು ತೆಗೆದರು. ಖಾಯಂ ಹುದ್ದೆಗೆ ಲಿಂಗಸುಗೂರಿನ ಕಡೆಯವನೊಬ್ಬ ಜೂನ್ ತಿಂಗಳಲ್ಲಿ ಬಂದು ಹಾಜರಾದ.